ಹುಳುಮನೆಯಲ್ಲೊಂದು ವಿಡಿಯೊ ಗೇಮ್ ಪೆಟ್ಟಿಗೆ

ಮೂವತ್ತು ದಾಟಿದ ಯಾವ ಅಣ್ಣನನ್ನಾದರೂ ನಿಲ್ಲಿಸಿ ‘ಮುಸ್ತಫಾ ಆಡಿದ್ದೀರಾ?’ ಎಂದು ಕೇಳಿ ನೋಡಿ. ಮೊದಲು ಮುಖ ಅರಳುತ್ತದೆ. ಆಮೇಲೆ ಹಳದಿ ಟೋಪಿ, ಓಡಿಬಂದು ಒದೆಯುವ ವರಸೆ, ದಾರಿಗೆ ಅಡ್ಡ ಬರುವ ಡೈನೊಸಾರ್, ಕಾಯಿನ್ನಿಗಾಗಿ ಚಿಲ್ಲರೆ ಕದ್ದು ಮನೆಯಲ್ಲಿ ತಿಂದ ಏಟು ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತವೆ. ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’. ಜಪಾನಿನ ಕ್ಯಾಪ್ಕಾಂ ಕಂಪನಿ 1993ರಲ್ಲಿ ಹೊರತಂದದ್ದು. ಆ ಉದ್ದನೆಯ ಹೆಸರು ನಮ್ಮ ಕಡೆ ಯಾರ ನಾಲಿಗೆಗೂ ಹತ್ತಲಿಲ್ಲ. ನಾಲ್ಕು ಪಾತ್ರಗಳಲ್ಲಿ ಒಬ್ಬನ ಹೆಸರನ್ನೇ ಇಡೀ ಆಟಕ್ಕೆ ಇಟ್ಟು, ಊರೂರಿನ ಹುಡುಗರು ಬಸ್ ಸ್ಟ್ಯಾಂಡ್ ಪಕ್ಕದ ಕತ್ತಲೆ ಅಂಗಡಿಗಳಲ್ಲಿ ನಿಂತು ಆಡಿದರು.

ಹುಡುಗರು ಅಂದೆ. ಹುಡುಗಿಯರು ಆ ಅಂಗಡಿಗಳಿಗೆ ಹೋಗುತ್ತಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ ಚನ್ನಪಟ್ಟಣದಿಂದ ಸಾಮಾನು ತರಲು ಹೋಗುವಾಗ ನನ್ನನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ನನ್ನನ್ನು ಚೀಲದ ಜೊತೆ ಮೆಟ್ಟಿಲ ಮೇಲೆ ಬಿಟ್ಟು ತಾನು ಒಳಗೆ ಹೋಗುತ್ತಿದ್ದ. ನನಗೆ ಕೇಳುತ್ತಿದ್ದದ್ದು ಬಟನ್ ಬಡಿಯುವ ಸದ್ದು. ಬಾಗಿಲ ಪರದೆ ಸರಿದಾಗ ಒಂದಿಷ್ಟು ಬಣ್ಣ ಕಾಣುತ್ತಿತ್ತು, ಅಷ್ಟೇ. ಆ ನಾಲ್ಕು ಪಾತ್ರಗಳಲ್ಲಿ ಹ್ಯಾನಾ ಎಂಬ ಹೆಣ್ಣೂ ಇದ್ದಾಳೆ ಎಂದು ನನಗೆ ಗೊತ್ತಾದದ್ದು ತೀರಾ ಈಚೆಗೆ.

ಅಂಥದೊಂದು ಪೆಟ್ಟಿಗೆಯನ್ನು ಕಳೆದ ವರ್ಷ ನಾನೇ ಕಟ್ಟಿದೆ. ದೊಡ್ಡಮಳೂರಿನ ನಮ್ಮ ಮನೆಯ ಹಿಂದೆ ರೇಷ್ಮೆ ಹುಳುಮನೆ ಇದೆ. ಅಲ್ಲಿ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗಳ ಪಕ್ಕ ಐದೂವರೆ ಅಡಿ ಎತ್ತರಕ್ಕೆ ನಿಂತಿದೆ. ಹುಳು ಮೇಯಿಸುವ ದಿನಗಳಲ್ಲಿ ಮಾತ್ರ ಅದರ ಕಾಲಿಗೆ ಹಾಕಿಸಿದ ಗಾಲಿಗಳ ಮೇಲೆ ತಳ್ಳಿಕೊಂಡು ಜಗಲಿಗೆ ತರುತ್ತೇವೆ. ಅಜ್ಜಿ ಮೊದಲ ದಿನ ಅದರ ಸುತ್ತ ಒಂದು ಸುತ್ತು ಬಂದು, “ಬೀರುಗೆ ಬಾಗ್ಲೇ ಇಡ್ಸಿಲ್ವಲ್ಲವ್ವ” ಎಂದರು.

ಆಗ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಒಂದು ವರ್ಷವಾಗಿತ್ತು. ಬೆಳಗಿನ ರೈಲಿಗೆ ಬೆಂಗಳೂರು, ಇಂಟರ್‌ವ್ಯೂ, ‘ತಿಳಿಸ್ತೀವಿ’ ಎಂಬ ಮಾತು, ಸಂಜೆಯ ರೈಲಿಗೆ ವಾಪಸ್. ಈ ಪುಟ ಓದುವವರಲ್ಲಿ ಅರ್ಧ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿತ್ತು. ಆರು ತಿಂಗಳು ಸುಮ್ಮನಿರಿ ಎಂದು ಅಪ್ಪನನ್ನು ಒಪ್ಪಿಸಿದ್ದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ, ನೀನೇ ಕೈಯಾರೆ ಏನು ಮಾಡಿದ್ದೀಯ? ನಾಲ್ಕು ಜನ ಸೇರಿ ಮಾಡಿದ ಕಾಲೇಜು ಪ್ರಾಜೆಕ್ಟಿನಲ್ಲಿ ಯಾರ ಕೈ ಎಲ್ಲಿದೆ ಎಂಬುದು ಕೇಳುವವರಿಗೆ ಕಾಣುವುದಿಲ್ಲ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಇಪ್ಪತ್ತು ಸಾವಿರದಷ್ಟಿತ್ತು. ಕೋರ್ಸಿಗೆ ಕಟ್ಟು ಎಂದು ಅಣ್ಣ ಹೇಳಿದ. ನಾನು ಪ್ಲೈವುಡ್ ತಂದೆ.

ಕೆಲಸ ಶುರು ಮಾಡುವ ಮೊದಲು ಈ ಪೆಟ್ಟಿಗೆಯ ಚರಿತ್ರೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. 1972ರ ಪಾಂಗ್, 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮನ್ ಎಲ್ಲವೂ ಹೀಗೆ ನಿಂತು ಆಡುವ ಪೆಟ್ಟಿಗೆಗಳಲ್ಲೇ ಬಂದವು. ಆ ಕಾಲದಲ್ಲಿ ಒಂದು ಆಟಕ್ಕೆ ಮಾಡಿದ ಪೆಟ್ಟಿಗೆಗೆ ಇನ್ನೊಂದು ಆಟ ಹಾಕಬೇಕೆಂದರೆ ವೈರಿಂಗ್ ಬಿಚ್ಚಿ ಕಟ್ಟಬೇಕಿತ್ತು. 1985ರಲ್ಲಿ ಜಪಾನಿನ ತಯಾರಕರ ಸಂಘ ‘ಜಮ್ಮಾ’ ಎಂಬ ಒಂದೇ ನಮೂನೆಯ ಕನೆಕ್ಟರನ್ನು ಗೊತ್ತುಮಾಡಿತು. ಅಲ್ಲಿಂದ ಮುಂದೆ ಹಳೆಯ ಬೋರ್ಡ್ ಕಿತ್ತು ಹೊಸ ಬೋರ್ಡ್ ಸಿಕ್ಕಿಸಿದರೆ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ. ಸಣ್ಣ ಊರಿನ ಅಂಗಡಿಯವರು ಎರಡೇ ಪೆಟ್ಟಿಗೆ ಇಟ್ಟುಕೊಂಡು ಹೊಸ ಹೊಸ ಆಟ ತೋರಿಸಲು ಆದದ್ದು ಹೀಗೆ. ಆಮೇಲೆ 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ಸಾಫ್ಟ್‌ವೇರನ್ನು ಹೊರಬಿಟ್ಟರು. ಹಳೆಯ ಬೋರ್ಡು ಮಾಡುತ್ತಿದ್ದ ಕೆಲಸವನ್ನು ಮಾಮೂಲಿ ಕಂಪ್ಯೂಟರೇ ಅನುಕರಿಸಿ ಮಾಡುವುದು ಅದರ ಉಪಾಯ. ಮನೆಯಲ್ಲಿ ಪೆಟ್ಟಿಗೆ ಕಟ್ಟುವ ಹುಚ್ಚು ಜಗತ್ತಿನಾದ್ಯಂತ ಹಬ್ಬಿದ್ದು ಅದರ ನಂತರ.

ಹಾಗಾಗಿ ಒಳಗಿರುವುದು ಒಂದು ಹಳೆಯ ಆಫೀಸು ಕಂಪ್ಯೂಟರ್, ಅಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ಅದೇ ಬೀದಿಯಲ್ಲಿ 19 ಇಂಚಿನ ಎಲ್‌ಸಿಡಿ ಮಾನಿಟರ್ ಒಂದೂವರೆ ಸಾವಿರ. ಈಗಿನ ಅಗಲ ಪರದೆ ಬೇಡ. ಹಳೆಯ ಆಟಗಳ ಚಿತ್ರ ಹೆಚ್ಚುಕಡಿಮೆ ಚೌಕ. 5:4 ಅಳತೆಯ ಹಳೆಯ ಮಾನಿಟರಿನಲ್ಲಿ ಅದು ಚೆನ್ನಾಗಿ ಕೂರುತ್ತದೆ. ಇಂಥವನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಬೆಲೆಯೂ ಕಡಿಮೆ. ಅಟ್ಟದ ಮೇಲಿನ ಹಳೆಯ ಡಬ್ಬಾ ಟಿ.ವಿ. ಹಾಕಿದರೆ ಅಸಲಿ ಕಳೆ ಬರುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕಳೆ ಬರುವುದು ನಿಜ. ಆದರೆ ಅದರ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟ್ ಮೀರಿದ ವಿದ್ಯುತ್ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರುತ್ತದೆ. ಅದನ್ನು ಬಿಚ್ಚುವ ಕೆಲಸ ಟಿ.ವಿ. ರಿಪೇರಿ ಗೊತ್ತಿರುವವರದು. ನೀವು ಹೊಸಬರಾದರೆ ಎಲ್‌ಸಿಡಿ ಸಾಕು.

ಮರದ ಕೆಲಸಕ್ಕೆ ನಮ್ಮ ಬೀದಿಯ ಬಡಗಿ ಅಣ್ಣನನ್ನು ಹಿಡಿದೆ. 18 ಎಂಎಂ ಪ್ಲೈ, ಎಂಟಕ್ಕೆ ನಾಲ್ಕಡಿಯ ಎರಡು ಶೀಟು. ಐದೂವರೆ ಅಡಿ ಎತ್ತರ, ಎರಡಡಿ ಆಳದ ಎರಡು ಪಕ್ಕದ ಹಲಗೆಗಳು ಒಂದೇ ಶೀಟಿನಲ್ಲಿ ಜೋಡಿಯಾಗಿ ಸಿಗುತ್ತವೆ. ಉಳಿದದ್ದೆಲ್ಲ ಇನ್ನೊಂದರಲ್ಲಿ. ಕೈ ಇಡುವ ಹಲಗೆ ನೆಲದಿಂದ 36 ಇಂಚು ಎತ್ತರದಲ್ಲಿರಲಿ, ಅಡುಗೆ ಕಟ್ಟೆಗಿಂತ ತುಸು ಮೇಲೆ. ಪರದೆ ಹಿಂದಕ್ಕೆ ಸ್ವಲ್ಪ ಒರಗಬೇಕು, ಇಲ್ಲವಾದರೆ ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಹಲಗೆಯಲ್ಲಿ ಗಾಳಿಗೆ ತೂತು ಬಿಡಿಸಿ.

ಇಲ್ಲೊಂದು ತಮಾಷೆ ನಡೆಯಿತು. ಬಟನ್ ಕೂರಿಸಲು 30 ಎಂಎಂ ತೂತು ಬೇಕು. ಅಣ್ಣನ ಚೀಲದಲ್ಲಿದ್ದದ್ದು 35 ಎಂಎಂ ಬಿಟ್ಟು. ಈಗಿನ ಕಪಾಟುಗಳ ಆಟೋ ಹಿಂಜ್ ಕೂರುವುದು ಅದೇ ಅಳತೆಯ ಗುಳಿಯಲ್ಲಿ, ಹಾಗಾಗಿ ಎಲ್ಲ ಬಡಗಿಗಳ ಹತ್ತಿರವೂ ಅದು ಇರುತ್ತದೆ. 30ರದ್ದು ಯಾರ ಹತ್ತಿರವೂ ಇಲ್ಲ. “ಐದು ಎಂಎಂ ತಾನೆ, ಫೆವಿಕಾಲ್ ತುಂಬ್ಸೋಣ ಬಿಡವ್ವ” ಎಂದರು. ಚನ್ನಪಟ್ಟಣದ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ತಿರುಗಿ ತಂದುಕೊಟ್ಟೆ. ಬಟನ್ ಕೊಳ್ಳುವಾಗ ಅದರ ಕುತ್ತಿಗೆಯ ಉದ್ದವನ್ನೂ ನೋಡಿಕೊಳ್ಳಿ. ಗಿಡ್ಡ ಕುತ್ತಿಗೆಯದಾದರೆ 18 ಎಂಎಂ ಪ್ಲೈ ದಾಟಿ ನಟ್ ಹತ್ತುವುದಿಲ್ಲ. ಅದಕ್ಕೇ ಕೈ ಹಲಗೆಗೆ ಮಾತ್ರ 6 ಎಂಎಂ ಪ್ಲೈ ಹಾಕಿಸಿ, ಬಡಿದಾಟಕ್ಕೆ ಬಗ್ಗದಂತೆ ಅಡಿಯಲ್ಲಿ ರೀಪು ಕೊಡಿಸಿದೆ. ಪೇಂಟ್ ಹೊಡೆದದ್ದು ತೆಂಗಿನ ತೋಟದಲ್ಲಿ. ರೇಷ್ಮೆ ಹುಳುವಿಗೆ ಪೇಂಟಿನ ವಾಸನೆ ಆಗದು. ವಾಸನೆ ಪೂರ್ತಿ ಹೋಗುವವರೆಗೂ ಹುಳುಮನೆಯ ಹತ್ತಿರ ತರಕೂಡದೆಂದು ಅಪ್ಪ ಹೇಳಿದ್ದರು.

ವೈರಿಂಗ್ ಎಂದರೆ ಹೆದರುವವರಿಗೆ ಒಂದು ಮಾತು. ಈ ಪೆಟ್ಟಿಗೆಯಲ್ಲಿ 230 ವೋಲ್ಟ್ ಇರುವುದು ಕಂಪ್ಯೂಟರ್, ಮಾನಿಟರ್‌ಗಳ ಪ್ಲಗ್ ಚುಚ್ಚುವ ಜಾಗದಲ್ಲಿ ಮಾತ್ರ. ಅದನ್ನು ಅರ್ಥಿಂಗ್ ಇರುವ ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಮುಗಿಸಿಬಿಡಿ. ಬಟನ್ನು, ಜಾಯ್‌ಸ್ಟಿಕ್ಕಿನ ಕಡೆ ಇರುವುದು ಕೈಗೆ ತಾಗಿದರೂ ಗೊತ್ತಾಗದಷ್ಟು. ಬಟನ್ ಎಂದರೆ ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚೇ. ಎರಡು ಕಾಲು, ಒತ್ತಿದರೆ ಕೂಡುತ್ತವೆ, ಬಿಟ್ಟರೆ ಬೇರೆಯಾಗುತ್ತವೆ. ಜಾಯ್‌ಸ್ಟಿಕ್ ಅಡಿಯಲ್ಲೂ ಅಂಥವೇ ನಾಲ್ಕು ಪುಟ್ಟ ಸ್ವಿಚ್ಚು, ದಿಕ್ಕಿಗೊಂದು. ಮೂಲೆಗೆ ಎಳೆದರೆ ಎರಡು ಒಟ್ಟಿಗೆ ಒತ್ತುತ್ತವೆ. ಪ್ಯಾಕ್‌ಮನ್‌ಗೆ ಮೂಲೆ ಬೇಡ, ನಾಲ್ಕೇ ದಿಕ್ಕು. ಹೊಡೆದಾಟದ ಆಟಕ್ಕೆ ಎಂಟೂ ಬೇಕು. ಅಡಿಯಲ್ಲಿರುವ ಚೌಕದ ಪಟ್ಟಿಯನ್ನು ತಿರುಗಿಸಿ ಹಾಕಿದರೆ ಅದು ಬದಲಾಗುವ ಜಾಯ್‌ಸ್ಟಿಕ್ ಸಿಗುತ್ತದೆ, ಅದನ್ನೇ ಕೊಳ್ಳಿ.

ಈ ಸ್ವಿಚ್ಚುಗಳನ್ನೆಲ್ಲ ಕಂಪ್ಯೂಟರಿಗೆ ಮುಟ್ಟಿಸಲು ರೆಡಿಮೇಡ್ ಯುಎಸ್‌ಬಿ ಬೋರ್ಡುಗಳಿವೆ. ಅದನ್ನು ಹಾಕಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ತಪ್ಪೇನೂ ಇಲ್ಲ. ನನಗೆ ಬೇಕಾಗಿದ್ದದ್ದು ನನ್ನ ಕೈಕೆಲಸ. ರಾಸ್ಪ್‌ಬೆರಿ ಪೈ ಪಿಕೊ ಎಂಬ ಬೆರಳುದ್ದದ ಬೋರ್ಡು 2021ರಲ್ಲಿ ಬಂತು, ನನಗೆ ನಾನೂರು ರೂಪಾಯಿಗೆ ಸಿಕ್ಕಿತು. ಬಳಸಲು ಸಿಗುವ ಪಿನ್ನು 26. ಇಬ್ಬರು ಆಟಗಾರರಿಗೆ ನಾಲ್ಕು ದಿಕ್ಕು, ಆರು ಬಟನ್ನಿನಂತೆ 20. ಸ್ಟಾರ್ಟ್ ಎರಡು, ಕಾಯಿನ್ ಎರಡು ಸೇರಿ 24. ಎರಡು ಉಳಿಯಿತು. ಪ್ರತಿ ಸ್ವಿಚ್ಚಿನ ಒಂದು ಕಾಲು ತನ್ನ ಪಿನ್ನಿಗೆ, ಇನ್ನೊಂದು ಕಾಲು ಎಲ್ಲರಿಗೂ ಸೇರಿದ ಗ್ರೌಂಡ್ ವೈರಿಗೆ. ಯಾವ ಪಿನ್ ಗ್ರೌಂಡಿಗೆ ಮುಟ್ಟಿತು ಎಂದು ನೋಡಿ, ಕೀಬೋರ್ಡಿನ ಒಂದು ಅಕ್ಷರ ಒತ್ತಿದಂತೆ ಕಂಪ್ಯೂಟರಿಗೆ ಹೇಳುವ ಪುಟ್ಟ ಪ್ರೋಗ್ರಾಂ ನಾನೇ ಬರೆದದ್ದು.

ಅದರಲ್ಲಿ ಒಂದು ಸೂಕ್ಷ್ಮ ಇದೆ. ಸ್ವಿಚ್ಚಿನ ಒಳಗಿನ ತಗಡು ಒಂದೇ ಸಲಕ್ಕೆ ಕೂತುಕೊಳ್ಳುವುದಿಲ್ಲ. ಕಲ್ಲಿನ ಮೇಲೆ ಬಿದ್ದ ಗೋಲಿಯಂತೆ ಕುಪ್ಪಳಿಸಿ ಕೂರುತ್ತದೆ. ನೀವು ಒಮ್ಮೆ ಒತ್ತಿದ್ದನ್ನು ಬೋರ್ಡು ನಾಲ್ಕು ಸಲ ಎಂದು ಎಣಿಸಬಹುದು. ಪುಸ್ತಕದಲ್ಲಿ ಇದಕ್ಕೆ ಬೌನ್ಸ್ ಎನ್ನುತ್ತಾರೆ, ಎರಡು ಅಂಕದ ಪ್ರಶ್ನೆ. ಲ್ಯಾಬಿನ ಮೇಷ್ಟ್ರು ಒಂದು ಶನಿವಾರ ಮಧ್ಯಾಹ್ನ ಬಾಗಿಲು ತೆಗೆಸಿ ಆಸಿಲೋಸ್ಕೋಪ್ ಕೊಟ್ಟರು. ನಾನು ತಂದ ಸ್ವಿಚ್ಚುಗಳ ಕುಪ್ಪಳಿಕೆ ಎರಡು ಮೂರು ಮಿಲಿಸೆಕೆಂಡಿಗೆ ನಿಲ್ಲುತ್ತಿತ್ತು. ಐದು ಮಿಲಿಸೆಕೆಂಡ್ ಕಾದು ನೋಡು ಎಂದು ಪ್ರೋಗ್ರಾಮಿನಲ್ಲಿ ಬರೆದೆ. ಆಡುವವನಿಗೆ ತಡವೂ ಆಗದು, ಎಣಿಕೆಯೂ ತಪ್ಪದು.

ಇನ್ನು ಜಾಯ್‌ಸ್ಟಿಕ್ಕಿನ ತಲೆ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಆನ್‌ಲೈನಿನಲ್ಲಿ ತರಿಸಿದ ಕಿಟ್ಟಿನಲ್ಲಿ ಎರಡು ಉಂಡೆಗಳಲ್ಲಿ ಒಂದು ಸೀಳಿ ಬಂದಿತ್ತು. ಮಾರಿದವರು ಬದಲಿ ಕೊಡಲಿಲ್ಲ. ಜಪಾನಿನ ಸಾನ್ವಾ ಕಂಪನಿಯ ಉಂಡೆಯ ಅಳತೆಯೇ ಇವಕ್ಕೆಲ್ಲ ಮಾದರಿ. ವ್ಯಾಸ 35 ಮಿಲಿಮೀಟರ್, ಒಳಗೆ ಎಂ6 ಥ್ರೆಡ್. ಸೀಳಿದ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡುವಾಗ, ಬಣ್ಣದ ಉಂಡೆ ಕಡೆಯುವ ಊರಿನ ಪಕ್ಕದಲ್ಲೇ ಇದ್ದುಕೊಂಡು ಇದನ್ನು ಕೊರಿಯರಿನಲ್ಲಿ ತರಿಸುವುದೇನು ಎನ್ನಿಸಿತು. ಚನ್ನಪಟ್ಟಣದ ಕಲಾನಗರದ ಕಡೆ ಒಬ್ಬ ಚಾಚಾ ಇದ್ದಾರೆ. ಅಪ್ಪನಿಗೆ ಹಳೆಯ ಪರಿಚಯ. ನಲವತ್ತು ವರ್ಷದಿಂದ ಗಿಲಕಿ, ಬುಗುರಿ, ಮಣಿ ಕಡೆಯುತ್ತಿದ್ದಾರೆ. ಅಲ್ಲಿಗೆ ಹೋದೆ.

ಚನ್ನಪಟ್ಟಣದ ಬೊಂಬೆ ಕೆಲಸದ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಒಂದೇ ಥರ, ಟಿಪ್ಪುವಿನ ಕಾಲ, ಜಿಐ ಮಾನ್ಯತೆ, ಚೀನಾದ ಪ್ಲಾಸ್ಟಿಕ್. ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಪಕ್ಕದ ಊರಿನಲ್ಲಿ ಹುಟ್ಟಿದ ನಾನೇ ಕೂತು ನೋಡಿರಲಿಲ್ಲ. ಮರ ಆಲೆ ಮರ, ಕೆಲವರು ಹಾಲೆ ಎನ್ನುತ್ತಾರೆ. ಕಡಿದರೆ ಹಾಲು ಸುರಿಯುವ ಬಿಳಿ ಮೆದು ಮರ. ಹಸಿಯಾಗಿ ಕಡೆಯುವಂತಿಲ್ಲ, ತಿಂಗಳುಗಟ್ಟಲೆ ಒಣಗಬೇಕು. ಲೇತಿನಲ್ಲಿ ತಿರುಗುವ ತುಂಡಿಗೆ ಉಳಿ ಹಿಡಿದು ಆಕಾರ ತರುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೇ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ತಾಳೆಗರಿ ಒತ್ತಿದರೆ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಬ್ರಷ್ಷಿಲ್ಲ, ಒಲೆಯಿಲ್ಲ.

ಚಾಚಾ ನನ್ನ ಪ್ಲಾಸ್ಟಿಕ್ ಉಂಡೆಯನ್ನು ತಿರುಗಿಸಿ ನೋಡಿದರು. “ಏನು ಬೇಟಾ ಇದು, ಗಿಲಕಿ ತಲೆನಾ?” ಎಂದರು. ವಿಡಿಯೊ ಗೇಮಿನದು ಅಂದೆ. “ಗಿಲಕಿ ಒಂಚೂರು ದಪ್ಪ ಆದ್ರೂ ಮಗು ಜಗಳಕ್ಕೆ ಬರಲ್ಲ. ಇದಕ್ಕೆ ಅಳತೆ ಕೇಳ್ತೀಯಾ ನೀನು” ಎಂದು ನಕ್ಕರು. ನಾನು ಚೀಲದಿಂದ ವರ್ನಿಯರ್ ಕ್ಯಾಲಿಪರ್ಸ್ ತೆಗೆದೆ. ಅವರು ಅದನ್ನು ಪಕ್ಕಕ್ಕಿಟ್ಟು, ಡಬ್ಬದ ತಗಡಿನ ಒಂದು ಚೂರನ್ನು ನನ್ನ ಉಂಡೆಗೆ ಹೊಂದುವಂತೆ ಅರ್ಧಚಂದ್ರವಾಗಿ ಕತ್ತರಿಸಿಕೊಂಡರು. ಕಡೆಯುವುದು, ತಗಡು ಇಟ್ಟು ಬೆಳಕಿಗೆ ಹಿಡಿದು ಸಂದು ನೋಡುವುದು, ಮತ್ತೆ ಕಡೆಯುವುದು. ಸಂಜೆ ನಾನು ಅಳೆದು ನೋಡಿದಾಗ ಆರು ಉಂಡೆಗಳಲ್ಲಿ ಅತಿ ದಪ್ಪದ್ದಕ್ಕೂ ಅತಿ ಸಣ್ಣದ್ದಕ್ಕೂ ಅರ್ಧ ಮಿಲಿಮೀಟರ್ ವ್ಯತ್ಯಾಸ ಇರಲಿಲ್ಲ.

ತೊಡಕಾದದ್ದು ಥ್ರೆಡ್. ಮರದಲ್ಲೇ ಎಂ6 ಕೊರೆದರೆ ನಾಲ್ಕು ದಿನದ ಎಳೆದಾಟಕ್ಕೆ ಸವೆಯುತ್ತದೆ. ಅದಕ್ಕಾಗಿ ನಾನು ಹಿತ್ತಾಳೆಯ ಇನ್ಸರ್ಟ್ ಒಯ್ದಿದ್ದೆ. ಒಳಗೆ ಥ್ರೆಡ್ ಇರುವ ಪುಟ್ಟ ಕೊಳವೆ, ಅಂಟು ಹಾಕಿ ಮರದೊಳಗೆ ಕೂರಿಸುವುದು. ತೂತು ಉಂಡೆಯ ನಟ್ಟನಡುವೆ ನೇರ ಇರಬೇಕು, ಇಲ್ಲವಾದರೆ ಜಾಯ್‌ಸ್ಟಿಕ್ ಕತ್ತು ವಾಲಿಸಿಕೊಂಡು ನಿಲ್ಲುತ್ತದೆ. ಉಂಡೆಯನ್ನು ತುಂಡಿನಿಂದ ಬಿಡಿಸುವ ಮೊದಲೇ, ಲೇತ್ ತಿರುಗುತ್ತಿರುವಾಗಲೇ ಚಾಚಾ ತೂತು ಹೊಡೆದರು. ಅದು ಸರಿ. ಆದರೆ ಕತ್ತರಿಸಿ ಬಿಡಿಸಿದ ಕಡೆ ಉಂಡೆಯ ನೆತ್ತಿ, ಅಲ್ಲಿ ಅರಗು ಹತ್ತಿಲ್ಲದ ಬಿಳಿ ಚುಕ್ಕೆ ಉಳಿಯುತ್ತದೆ. ಕೈ ಆಡುವ ಜಾಗವೇ ಅದು. ಚಾಚಾ ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕೂತರು. ಆಮೇಲೆ ನನ್ನ ಹತ್ತಿರವಿದ್ದ ಎಂ6 ಬೋಲ್ಟು ಕೇಳಿ, ತಲೆ ಕತ್ತರಿಸಿ, ಒಂದು ಮರದ ತುಂಡಿನಲ್ಲಿ ಹೂತು ಲೇತಿಗೆ ಸಿಕ್ಕಿಸಿದರು. ಇನ್ಸರ್ಟ್ ಕೂರಿಸಿ ಅಂಟು ಒಣಗಿದ ಉಂಡೆಯನ್ನು ಆ ಬೋಲ್ಟಿಗೇ ತಿರುಪಿದರು. ಈಗ ನೆತ್ತಿ ಹೊರಗಡೆ. ಲೇತ್ ತಿರುಗುವ ದಿಕ್ಕಿಗೆ ಉಂಡೆ ಬಿಚ್ಚಿಕೊಳ್ಳುವ ಬದಲು ಇನ್ನಷ್ಟು ಬಿಗಿಯಾಗುತ್ತದೆ. ಅರಗು ಒತ್ತಿದರು, ತಾಳೆಗರಿ ಹಿಡಿದರು. ಚುಕ್ಕೆ ಇಲ್ಲ. ಮೂರು ವರ್ಷದ ಡಿಪ್ಲೊಮಾದಲ್ಲಿ ವರ್ಕ್‌ಶಾಪ್ ಎಂಬ ವಿಷಯ ನಮಗೂ ಇತ್ತು, ಇಂಥದೊಂದನ್ನು ಅಲ್ಲಿ ಕಂಡ ನೆನಪಿಲ್ಲ.

ಬಟನ್ನುಗಳನ್ನೂ ಮರದಲ್ಲೇ ಮಾಡಿಸುವ ಆಸೆ ನನಗೆ. “ಮಳೆಗಾಲ್ದಲ್ಲಿ ಹಿಡ್ಕೊಳ್ಳುತ್ತೆ ನೋಡು” ಎಂದು ಚಾಚಾ ಮೊದಲೇ ಹೇಳಿ ಒಂದು ಮಾಡಿಕೊಟ್ಟರು. ಆಷಾಢದ ತೇವಕ್ಕೆ ಅದು ಉಬ್ಬಿ ತೂತಿನಲ್ಲೇ ಕೂತುಬಿಟ್ಟಿತು. ಕೊನೆಗೆ ಪ್ಲಾಸ್ಟಿಕ್ ಬಟನ್ನುಗಳ ಮೇಲೆ ಅಂಟಿಸಲು ಎರಡು ಮಿಲಿಮೀಟರ್ ದಪ್ಪದ ಅರಗಿನ ಬಿಲ್ಲೆ ಮಾಡಿಕೊಟ್ಟರು. ಕೆಂಪು, ಹಳದಿ, ಹಸಿರು. ಒಂದು ಎಚ್ಚರ ಮಾತ್ರ ಬೇಕು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯಲ್ಲಿ ಮುಟ್ಟಿದರೆ ಹೊಳಪು ಹೋಗಿ ಅಂಟಂಟಾಗುತ್ತದೆ. ಒರೆಸಲು ಒಣ ಬಟ್ಟೆ ಸಾಕು.

ಊರಿನಲ್ಲಿ ಒಂದು ಮಾತಿದೆ. ನೂರು ವರ್ಷದ ಹಿಂದೆ ಬಾವಾಸ್ ಮಿಯಾನ್ ಎಂಬುವರು ಜಪಾನಿನ ರೀತಿಯನ್ನು ಕಲಿತು ತಂದು ಇಲ್ಲಿನವರಿಗೆ ಕಲಿಸಿದರು ಎಂದು. ಜಪಾನಿನ ಜಾಯ್‌ಸ್ಟಿಕ್ಕಿಗೆ ಚನ್ನಪಟ್ಟಣದ ತಲೆ ಕೂರಿಸಿದ್ದನ್ನು ನೋಡಿ ಚಾಚಾ ಆ ಮಾತನ್ನು ನೆನೆದು, “ಸಾಲ ತೀರಿತು” ಎಂದರು.

ಆಟಗಳ ವಿಚಾರದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಮೇಮ್ ಸಾಫ್ಟ್‌ವೇರ್ ಉಚಿತ, ಹಾಕಿಕೊಳ್ಳಬಹುದು. ಆಟಗಳ ಫೈಲುಗಳು ಹಾಗಲ್ಲ, ಅವಕ್ಕೆ ಮಾಲೀಕರಿದ್ದಾರೆ. ಸುಮ್ಮನೆ ಇಳಿಸಿಕೊಳ್ಳುವುದು ಕದ್ದ ಹಾಗೆಯೇ. ರಾಬಿ ರೋಟೋ, ಗ್ರಿಡ್ಲೀಯಂಥ ಕೆಲವನ್ನು ಮಾಲೀಕರೇ ಬಿಟ್ಟಿಯಾಗಿ ಆಡಲು ಒಪ್ಪಿ ಬಿಟ್ಟಿದ್ದಾರೆ. ಫೈನಲ್ ಫೈಟ್, ಸ್ಟ್ರೀಟ್ ಫೈಟರ್‌ನಂಥವನ್ನು ಕ್ಯಾಪ್ಕಾಂ ಈಗಲೂ ಕಂಪ್ಯೂಟರಿಗೆ ಮಾರುತ್ತದೆ, ಕೊಂಡೆ. ಆದರೆ ಅಣ್ಣ ಕೇಳಿದ್ದು ಮುಸ್ತಫಾ. ಕ್ಯಾಪ್ಕಾಂ 2018ರಲ್ಲಿ ತನ್ನ ಇಂಥ ಏಳು ಹೊಡೆದಾಟದ ಆಟಗಳನ್ನು ಒಂದೇ ಕಟ್ಟಿನಲ್ಲಿ ಹೊರತಂದಾಗಲೂ ಅದರಲ್ಲಿ ಮುಸ್ತಫಾ ಇರಲಿಲ್ಲ. ಆ ಆಟದ ಕಥೆ ಮಾರ್ಕ್ ಶುಲ್ಟ್ಜ್ ಎಂಬ ಅಮೆರಿಕದ ಕಲಾವಿದರ ‘ಜೀನೋಜೋಯಿಕ್ ಟೇಲ್ಸ್’ ಕಾಮಿಕ್ಸಿನದು, ಹೆಸರಿನಲ್ಲಿರುವುದು ಇನ್ನೊಂದು ಕಂಪನಿಯ ಕಾರು. ನಮ್ಮ ಕಡೆ ಎಲ್ಲರಿಗಿಂತ ಹೆಚ್ಚು ಕಾಯಿನ್ ನುಂಗಿದ ಆಟ ಆ ಕಟ್ಟಿನಲ್ಲೇ ಇಲ್ಲ. “ಮುಸ್ತಫಾ ಇಲ್ದೆ ಎಂಥ ಪೆಟ್ಟಿಗೆ” ಎಂದು ಅಣ್ಣ ಎರಡು ದಿನ ಮುನಿಸಿಕೊಂಡಿದ್ದ.

ಅವನ ಬಾಯಿ ಮುಚ್ಚಿಸಲು ಪೈಥಾನಿನಲ್ಲಿ ನಾನೇ ಒಂದು ಆಟ ಬರೆದೆ. ಹಳೆಯ ನೋಕಿಯಾ ಫೋನಿನ ಹಾವಿನ ಬದಲು ರೇಷ್ಮೆ ಹುಳು. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುತ್ತದೆ, ಇರುವೆ ಬಂದರೆ ತಪ್ಪಿಸಿಕೊಳ್ಳಬೇಕು, ಕೊನೆಗೆ ಚಂದ್ರಿಕೆ ಹತ್ತಿ ಗೂಡು ಕಟ್ಟಿದರೆ ಗೆದ್ದಂತೆ. ಅಪ್ಪ ಹಿಂದೆ ನಿಂತು ನೋಡಿ, “ಜ್ವರ ಎಲ್ಲಿ?” ಎಂದರು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳುವೇ ಹಣ್ಣಾಗಿ ಗೂಡು ಕಟ್ಟುವುದು. ಜ್ವರದಲ್ಲಿ ಅದು ಸೊಪ್ಪು ಮುಟ್ಟುವುದಿಲ್ಲ, ಅಲುಗಾಡುವುದೂ ಇಲ್ಲ. ಅದನ್ನೂ ಸೇರಿಸಿದೆ. ಹುಳು ಅಲುಗದೆ ಮಲಗಿರುವ ಆ ಹತ್ತು ಸೆಕೆಂಡು ಇರುವೆಯಿಂದ ಅದನ್ನು ಕಾಯುವುದೇ ಈಗ ಆಟದ ಕಷ್ಟದ ಭಾಗ. ಆಟಕ್ಕೆ ಜೀವ ಬಂದದ್ದು ಅಪ್ಪನ ಆ ಒಂದು ಮಾತಿನಿಂದ. ಅಲ್ಲಿಯವರೆಗೆ ನನ್ನ ಕೆಲಸದ ಬಗ್ಗೆ ಅವರು ಕೇಳಿದ್ದದ್ದು ‘ಎಷ್ಟು ಖರ್ಚಾಯ್ತು’ ಎಂಬುದು ಮಾತ್ರ.

ಖರ್ಚು ಹೇಳಿಬಿಡುತ್ತೇನೆ, ಕೇಳುವವರು ಕೇಳುತ್ತಾರೆ. ಪ್ಲೈವುಡ್ಡಿಗೆ ಐದು ಸಾವಿರ, ಬಡಗಿ ಕೂಲಿ 2,400, ಕಂಪ್ಯೂಟರು ಮಾನಿಟರು ಆರು ಸಾವಿರ, ಜಾಯ್‌ಸ್ಟಿಕ್ಕು ಬಟನ್ನು ಸ್ವಿಚ್ಚು 2,400. ಪಿಕೊ, ಪೇಂಟು, ವೈರು, ಗಾಲಿ, ಅರಗಿನ ಕೆಲಸ ಎಲ್ಲ ಸೇರಿ ಇನ್ನೆರಡು ಸಾವಿರ. ಒಟ್ಟು 17,800 ರೂಪಾಯಿ. ಸ್ಪೀಕರು ಅಟ್ಟದ ಮೇಲಿನದು.

ಸಂಜೆ ಬೀದಿಯ ಮಕ್ಕಳು ಬರುತ್ತಾರೆ. ಮೊದಮೊದಲು ಹುಡುಗರೇ ಮುಂದೆ, ಹುಡುಗಿಯರು ಬಾಗಿಲಲ್ಲಿ. ನಾನು ಸ್ಟಾರ್ಟ್ ಬಟನ್ನಿನ ಪಕ್ಕ ಒಂದು ಸ್ಲೇಟು ನೇತುಹಾಕಿ ಹೆಸರಿನ ಸರದಿ ಬರೆಸತೊಡಗಿದೆ. ಈಗ ಹುಳುವಿನ ಆಟದಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟು ಏಳನೇ ಕ್ಲಾಸಿನ ಒಬ್ಬ ಹುಡುಗಿಯದು. ಅವಳ ಮನೆಯಲ್ಲೂ ಹುಳು ಮೇಯಿಸುತ್ತಾರೆ. ಜ್ವರ ಬರುವ ಹೊತ್ತು ಅವಳಿಗೆ ಮೊದಲೇ ಗೊತ್ತಾಗುತ್ತದೆ. ಅಣ್ಣ ಅವಳನ್ನು ಸೋಲಿಸಲು ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಾನೆ, ಸೋತು ಹೋಗುತ್ತಾನೆ.

ಆರು ತಿಂಗಳ ಗಡುವಿನ ಕೊನೆಯ ವಾರ ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಅದೇ ಪ್ರಶ್ನೆ. ಫೋನಿನಲ್ಲಿ ಫೋಟೊ ತೋರಿಸಿದೆ. ಎದುರಿಗಿದ್ದವರು ಆಟವನ್ನೂ ನೋಡಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ಐದು ಮಿಲಿಸೆಕೆಂಡೇ ಯಾಕೆ, ಹತ್ತು ಯಾಕಲ್ಲ ಎಂದು ಕೇಳಿದರು. ಶನಿವಾರದ ಆಸಿಲೋಸ್ಕೋಪಿನ ಚಿತ್ರ ತೋರಿಸಿದೆ. ಇಪ್ಪತ್ತು ನಿಮಿಷ ಅದರ ಬಗ್ಗೆಯೇ ಮಾತಾಯಿತು. ಎರಡನೇ ಸುತ್ತಿಗೆ ಕರೆದಿದ್ದಾರೆ. ಅಪ್ಪನ ಹತ್ತಿರ ಇನ್ನೆರಡು ತಿಂಗಳು ಕೇಳಿದ್ದೇನೆ. ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಚಾಚಾನ ಲೇತ್ ಈಗ ದಿನಕ್ಕೆ ಅರ್ಧ ಹೊತ್ತು ಮಾತ್ರ ತಿರುಗುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಚನ್ನಪಟ್ಟಣದ ಹೊರಗಿನಿಂದಲೇ ಹೋಗುತ್ತವೆ. ಹಳೆಯ ಹೆದ್ದಾರಿಯ ಬದಿಯ ಬೊಂಬೆ ಅಂಗಡಿಗಳ ವ್ಯಾಪಾರ ಬಿದ್ದುಹೋಯಿತು, ಅಂಗಡಿಗಳಿಗೆ ಮಾಲು ಹಾಕುವವರ ಕೆಲಸವೂ ಜೊತೆಗೆ. ಅವರ ಮಗ ಬಿಡದಿಯ ಕಾರ್ಖಾನೆಗೆ ಶಿಫ್ಟಿನಲ್ಲಿ ಹೋಗುತ್ತಾನೆ. ನನ್ನ ಪೆಟ್ಟಿಗೆಯ ಫೋಟೊ ನೋಡಿ ಬೆಂಗಳೂರಿನ ಕೆಲವರು ಉಂಡೆ ಕೇಳಿದರು. ಚಾಚಾ ಒಂದಕ್ಕೆ ನಲವತ್ತು ಸಾಕು ಎಂದರು. ಇನ್ಸರ್ಟಿನ ಕೆಲಸ, ಎರಡು ಸಲ ಲೇತಿಗೇರಿಸುವ ಕೆಲಸ ಲೆಕ್ಕ ಹಾಕಿ ತೊಂಬತ್ತಕ್ಕೆ ಒಪ್ಪಿಸಿದೆ. ಈವರೆಗೆ ಹೋಗಿರುವುದು 44 ಉಂಡೆ. ಇದರಿಂದ ಒಂದು ಮನೆ ನಡೆಯುವುದಿಲ್ಲ, ನಡೆಯುತ್ತದೆ ಎಂದು ನಾನು ಹೇಳುವುದೂ ಇಲ್ಲ. ಲೇತಿನ ಹಿಂದಿನ ಗೋಡೆಯಲ್ಲಿ ಗಿಲಕಿಯದು, ಬುಗುರಿಯದು, ಮಣಿಯದು ಎಂದು ಅಳತೆಯ ತಗಡುಗಳು ಮೊಳೆಗೆ ನೇತುಬಿದ್ದಿವೆ. ನನ್ನ 35ರ ತಗಡಿಗೂ ಒಂದು ಮೊಳೆ ಹೊಡೆದಿದ್ದಾರೆ. ಹೊಸದಾಗಿ ಹನ್ನೆರಡಕ್ಕೆ ಆರ್ಡರ್ ಬಂದಿದೆ, ನೀಲಿ ಬಣ್ಣದ್ದೇ ಬೇಕಂತೆ. ಅರಗು ಇದೆ. ಮರ ಒಣಗಲು ಇನ್ನೂ ಒಂದು ತಿಂಗಳು ಬೇಕು ಎಂದು ಚಾಚಾ ಹೇಳಿದ್ದಾರೆ.